ಹಾಡು ಹಚ್ಚೋ ಮೊದಲು ಬಾಗಿಲು ನೋಡ್ರಿ

ಐವಾನ್-ಎ-ಶಾಹಿಯ ನಮ್ಮ ಮನೆ ಅಟ್ಟದ ಮೇಲೆ ಒಂದು ಟ್ರಂಕ್ ತುಂಬ ಕ್ಯಾಸೆಟ್ ಇದ್ದವು. ಹೆಚ್ಚಿನವು ಅಪ್ಪ ಹಳ್ಳಿಯ ಭಜನೆಗಳಲ್ಲಿ ಟೇಪ್‌ರೆಕಾರ್ಡರ್ ಹಿಡಿದು ಕೂತು ತುಂಬಿಸಿಕೊಂಡ ತತ್ವಪದಗಳು. ಕಡಕೋಳ ಮಡಿವಾಳಪ್ಪನವರ ಪದಗಳನ್ನ ಯಾವುದೋ ಆ್ಯಪ್‌ನಲ್ಲಿ ಹುಡುಕಬಹುದು. ಆದರೆ ನಮ್ಮ ಸೋದರಮಾವ ಏಕತಾರಿ ಹಿಡಿದು, ನಡುವೆ ಕೆಮ್ಮಿ, ಮತ್ತೆ ಎತ್ತಿಕೊಂಡು ಹಾಡಿದ್ದು ಎಲ್ಲಿ ಸಿಗಬೇಕು? ಕೋವಿಡ್ ಕಾಲದಲ್ಲಿ ಲ್ಯಾಪ್‌ಟಾಪ್ ಹೊತ್ತು ಬೆಂಗಳೂರಿನಿಂದ ಬಂದವನು ಅವನ್ನೆಲ್ಲ ಫೈಲ್ ಮಾಡಿದೆ. ಮನೆಯ ಎಲ್ಲ ಫೋನು, ಟಿವಿಗಳಲ್ಲಿ ಕೇಳೋಕೆ ಯಾವ ಸಾಫ್ಟ್‌ವೇರ್ ಹಾಕಲಿ ಅಂತ ಗೆಳೆಯರನ್ನ ಕೇಳಿದೆ.

'ಪ್ಲೆಕ್ಸ್ ಹಾಕು, ಮಸ್ತ್ ಕಾಣ್ತದ' ಅಂದರು. ನನ್ನ ತಕರಾರು ಇರೋದು ಇಲ್ಲೇ. ಬಾಡಿಗೆ ಮನೆ ಹುಡುಕುವಾಗ ಅಗ್ರಿಮೆಂಟ್ ಎರಡೆರಡು ಸಲ ಓದುವ ನಾವು, ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ ಬರೀ ಪೇಂಟ್ ನೋಡ್ತೀವಿ. ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ನಾಳೆ ಇದನ್ನ ಬಿಡಬೇಕಾದರೆ ಏನೇನು ಕಳೆದುಕೊಳ್ತೀನಿ?

ಯಾಕಂದರೆ ಬಿಡೋ ದಿನ ಬಂದೇ ಬರುತ್ತದೆ. 50,000 ಸ್ವಂತ ಹಾಡುಗಳವರೆಗೆ ಪುಕ್ಕಟೆ ಜಾಗ ಕೊಟ್ಟಿದ್ದ ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ವಿಂಕ್ 2024ರಲ್ಲಿ ಹೋಯಿತು. 2025ರಲ್ಲಿ ಪ್ಲೆಕ್ಸ್ ತನ್ನ ಜೀವಮಾನದ ಪಾಸನ್ನ 120 ಡಾಲರಿನಿಂದ 250ಕ್ಕೆ ಏರಿಸಿತು. ಮನೆಯ ಹೊರಗಿಂದ ನಮ್ಮದೇ ವಿಡಿಯೊ ನೋಡೋಕೂ ದುಡ್ಡು ಕೇಳಿತು. ಕಂಪನಿಗಳನ್ನ ಬೈಯುತ್ತಿಲ್ಲ, ಅವರು ವ್ಯಾಪಾರಕ್ಕೆ ಕೂತವರು. ಕೀಲಿಕೈ ಅವರ ಕೈಗೆ ಕೊಟ್ಟವರು ನಾವು.

ಇನ್ನೊಂದು ದಾರಿ ಇದೆ. 2018ರಲ್ಲಿ ಎಂಬಿ ತನ್ನ ಕೋಡ್ ಮುಚ್ಚಿಕೊಂಡಾಗ, ಅದುವರೆಗೆ ತೆರೆದಿದ್ದ ಕೋಡನ್ನೇ ಎತ್ತಿಕೊಂಡು ಬಳಕೆದಾರರು ಜೆಲ್ಲಿಫಿನ್ ಕಟ್ಟಿದರು. ಸಬ್‌ಸಾನಿಕ್ 2016ರಲ್ಲಿ ತನ್ನ ಕೋಡ್ ಮುಚ್ಚಿಕೊಂಡಿತು. ಆದರೆ ಅದರ ಭಾಷೆ ಉಳಿಯಿತು. ಇವತ್ತು ನ್ಯಾವಿಡ್ರೋಮ್ ಅದನ್ನೇ ಆಡುತ್ತದೆ. ಹಾಗಾಗಿ ಆ ಭಾಷೆ ಬಲ್ಲ ಹತ್ತಾರು ಆ್ಯಪ್‌ಗಳಲ್ಲಿ ಯಾವುದನ್ನ ಬೇಕಾದರೂ ಬಳಸಬಹುದು. ನಾನು ಹಾಕಿದ್ದು ನ್ಯಾವಿಡ್ರೋಮ್. ಹಳೇ ಲ್ಯಾಪ್‌ಟಾಪ್ ಸಾಕು, ಫೈಲುಗಳನ್ನ ಅದು ಮುಟ್ಟೋದಿಲ್ಲ, ಇಂಟರ್‌ನೆಟ್ ಹೋದರೂ ಮನೆಯ ವೈಫೈನಲ್ಲಿ ಹಾಡು ನಿಲ್ಲೋದಿಲ್ಲ.

ಅದಕ್ಕೂ ಕಣ್ಣು ಮುಚ್ಚಿ ಜೈ ಅನ್ನಬೇಡಿ. ಅದು ಫೋಲ್ಡರ್ ನೋಡೋದಿಲ್ಲ, ಟ್ಯಾಗ್ ನೋಡುತ್ತದೆ. ನಮ್ಮ ಮನೆಯಲ್ಲಿ ಭೀಮಸೇನ ಜೋಶಿಯವರು ಮೂವರಾದರು: ಕನ್ನಡದಲ್ಲೊಬ್ಬರು, ಇಂಗ್ಲಿಷಿನಲ್ಲೊಬ್ಬರು, ಮುಂದೆ 'ಪಂಡಿತ್' ಸೇರಿಸಿಕೊಂಡವರು ಇನ್ನೊಬ್ಬರು! ಇನ್ನು ಹಾಡುಗಳಿಗೆ ಕೊಟ್ಟ ಸ್ಟಾರ್‌ಗಳು ಅದರ ಡೇಟಾಬೇಸಿನಲ್ಲೇ ಕೂತಿರುತ್ತವೆ. ಅದಕ್ಕೇ ಹೇಳೋದು: ಹೆಸರು, ಊರು, ವರ್ಷ ಎಲ್ಲ ಫೈಲಿನೊಳಗೇ ಬರೆಯಿರಿ. ಪ್ಲೇಲಿಸ್ಟನ್ನ ಎಂ3ಯು ಫೈಲಾಗಿ ಪಕ್ಕದಲ್ಲಿಡಿ. ಇನ್ನೊಂದು ಪ್ರತಿ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಬೇರೆ ಮನೆಯಲ್ಲಿರಲಿ.

'ಇಷ್ಟಕ್ಕೆಲ್ಲ ಟೈಮ್ ಎಲ್ಲಿದೆ ಗುರೂ' ಅಂತೀರಿ. ಸಾಫ್ಟ್‌ವೇರ್ ಹಾಕೋಕೆ ನನಗೆ ಒಂದು ಸಂಜೆ ಹಿಡಿಯಿತು. ಟ್ಯಾಗ್ ಬರೆಯೋಕೆ ಎರಡು ತಿಂಗಳು, ಅದೂ ಅಪ್ಪನ ಪಕ್ಕ ಕೂತು, ಯಾರ ದನಿ, ಯಾವ ಊರು ಅಂತ ಕೇಳಿ ಕೇಳಿ. ಆ ಎರಡು ತಿಂಗಳ ಕೆಲಸವನ್ನ ಯಾವ ಸಾಫ್ಟ್‌ವೇರೂ ಮಾಡಿಕೊಡೋದಿಲ್ಲ. ಯಾವುದೂ ಅದನ್ನ ಕಿತ್ತುಕೊಳ್ಳದ ಹಾಗೆ ನೋಡಿಕೊಳ್ಳೋದಷ್ಟೇ ನಮ್ಮ ಕೈಲಿರೋದು.

ಅಪ್ಪನಿಗೆ ಇದ್ಯಾವುದೂ ಬೇಕಿಲ್ಲ. ಸಂಜೆಯಾದರೆ 'ಮಾವಂದು ಹಚ್ಚಪಾ' ಅಂತಾರೆ. ಹಚ್ಚತೀನಿ. ಮಾವ ಈಗಿಲ್ಲ. ಕೆಮ್ಮು ಬರುತ್ತದೆ, ಆಮೇಲೆ ಪದ.