ಇಂಗ್ಲಿಷ್ ತರಗತಿಗೆ ಊರಿನ ಸುದ್ದಿಯೂ ಬರಲಿ



ಪತ್ರಿಕೆ ಓದಿಸಿ ಇಂಗ್ಲಿಷ್ ಕಲಿಸುವುದು ಒಳ್ಳೆಯದೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಓದಿಸುವ ಸುದ್ದಿ ಕ್ರೀಡೆಯದೋ ಪರಿಸರದ್ದೋ ಆಗಿರಲಿ, ವಿಡಿಯೊ ತೆಗೆಸುವ ಆದೇಶ, ಇಂಟರ್‌ನೆಟ್ ಸ್ಥಗಿತದಂಥ ವಿವಾದಗಳ ಗೊಡವೆ ಮಕ್ಕಳಿಗೆ ಬೇಡ ಎಂಬ ಎಚ್ಚರಿಕೆಯೂ ಜೊತೆಗೇ ಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಹೈಸ್ಕೂಲು ಮತ್ತು ಪಿಯು ವಿದ್ಯಾರ್ಥಿಗಳ ಇಂಗ್ಲಿಷ್ ಪದಸಂಪತ್ತು ಬೆಳೆಯಲು ತಂತ್ರಜ್ಞಾನ ಮತ್ತು ನಿರ್ಬಂಧದ ಸುದ್ದಿಗಳಷ್ಟು ಉಪಯುಕ್ತವಾದ ಪಾಠ ಬೇರೆ ಸಿಗುವುದು ಕಷ್ಟ. ನಮ್ಮ ಫೋನಿನಲ್ಲಿ ಏನು ಕಾಣಬೇಕು, ಏನು ಕಾಣಬಾರದು ಎಂದು ತೀರ್ಮಾನಿಸುವ ಆದೇಶಗಳು, ಕಂಪನಿಗಳ ಷರತ್ತುಗಳು ಬಹುಪಾಲು ಇಂಗ್ಲಿಷಿನಲ್ಲೇ ಹುಟ್ಟುತ್ತವೆ. ಬದುಕಿಗೆ ತಾಗುವ ಇಂಗ್ಲಿಷನ್ನು ಬದಿಗಿಟ್ಟು ಪದಗಳ ಪಟ್ಟಿ ಬಾಯಿಪಾಠ ಮಾಡಿಸಿದರೆ ಪರೀಕ್ಷೆ ಮುಗಿದ ಮರುದಿನ ಆ ಪದಗಳೂ ಮುಗಿಯುತ್ತವೆ.

ಈಗ ಫೋನಿನಲ್ಲಿ ಯಾವುದು ಕಾಣಿಸದೆ ಹೋದರೂ ‘ಬ್ಯಾನ್ ಆಯಿತು’ ಎಂಬ ಒಂದೇ ಮಾತು. 2019ರ ಡಿಸೆಂಬರಿನಲ್ಲಿ ಮಂಗಳೂರಿನ ಗೋಲಿಬಾರಿನ ಬಳಿಕ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮೊಬೈಲ್ ಇಂಟರ್‌ನೆಟ್ ನಿಲ್ಲಿಸಿದ್ದೂ ಬ್ಯಾನ್. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ತಡೆದದ್ದೂ ಬ್ಯಾನ್. 2025ರ ಜುಲೈಯಲ್ಲಿ ಧರ್ಮಸ್ಥಳಕ್ಕೆ ಸಂಬಂಧಿಸಿದ ವಿಡಿಯೊ, ಬರಹಗಳನ್ನು ತೆಗೆಯುವಂತೆ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಆದೇಶಿಸಿದ್ದೂ ಬ್ಯಾನ್. ಆದರೆ ಮೊದಲನೆಯದು 2017ರ ಟೆಲಿಕಾಂ ನಿಯಮಗಳಡಿ ಹೊರಟ ‘ಸಸ್ಪೆನ್ಷನ್’. ಎರಡನೆಯದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ ಪ್ರಕಾರದ ‘ಬ್ಲಾಕಿಂಗ್’. ಮೂರನೆಯದು ಮಾನಹಾನಿಯ ದಾವೆಯೊಂದರಲ್ಲಿ ಸಿಕ್ಕ ‘ಇಂಜಂಕ್ಷನ್’, ಅಂದರೆ ತಡೆಯಾಜ್ಞೆ. ಆದೇಶ ಮಾಡಿದವರು ಬೇರೆ, ಅಧಿಕಾರದ ಮೂಲ ಬೇರೆ, ಪ್ರಶ್ನಿಸಬೇಕಾದ ಜಾಗವೂ ಬೇರೆ. ಇಂಟರ್‌ನೆಟ್ ಸ್ಥಗಿತದ ಆದೇಶವನ್ನು ಪ್ರಕಟಿಸಲೇಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಅನುರಾಧಾ ಭಸಿನ್ ಪ್ರಕರಣದಲ್ಲಿ ಹೇಳಿದೆ. 69ಎ ಅಡಿಯ ದೂರು ಮತ್ತು ಕ್ರಮಗಳನ್ನಾದರೋ 2009ರ ನಿಯಮಗಳು ಗೋಪ್ಯವಾಗಿಡಲು ಹೇಳುತ್ತವೆ. ಮೊದಲನೆಯದರಲ್ಲಿ ಆದೇಶದ ಪ್ರತಿ ತೋರಿಸಿ ಎಂದು ಕೇಳುವ ಬಲ ನಾಗರಿಕನಿಗಿದೆ, ಎರಡನೆಯದರಲ್ಲಿ ಅದು ಸುಲಭವಲ್ಲ. ಎಲ್ಲವನ್ನೂ ‘ಬ್ಯಾನ್’ ಎಂದು ಕರೆಯುವವನಿಗೆ ತನಗಿರುವ ಈ ಬಲವೇ ಗೊತ್ತಾಗುವುದಿಲ್ಲ.

ಬೆಳ್ತಂಗಡಿ ತಾಲೂಕಿಗೆ ಸೇರಿದ ಮೂರನೆಯ ಪ್ರಕರಣವೊಂದೇ ಹಲವು ವಾರಗಳ ಪಾಠಕ್ಕೆ ಸಾಕು. ಆ ಆದೇಶದ ವ್ಯಾಪ್ತಿಗೆ ಬಂದದ್ದು 8,842 ಲಿಂಕ್‌ಗಳು: 4,140 ಯೂಟ್ಯೂಬ್ ವಿಡಿಯೊ, 3,584 ಇನ್‌ಸ್ಟಾಗ್ರಾಮ್ ಪೋಸ್ಟ್, 932 ಫೇಸ್‌ಬುಕ್ ಪೋಸ್ಟ್, 108 ಸುದ್ದಿ ಬರಹ, ಉಳಿದವು ರೆಡಿಟ್ ಮತ್ತು ಎಕ್ಸ್‌ನವು. ಎದುರು ಪಕ್ಷದ ವಾದ ಕೇಳುವ ಮೊದಲೇ ಕೊಟ್ಟ ಮಧ್ಯಂತರ ಆದೇಶವಾದ್ದರಿಂದ ಅದಕ್ಕೆ ‘ಎಕ್ಸ್ ಪಾರ್ಟೆ’ ಎಂಬ ವಿಶೇಷಣ. ಆಗಸ್ಟ್ 1ರಂದು ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಕುಡ್ಲ ರ‍್ಯಾಂಪೇಜ್ ಎಂಬ ಯೂಟ್ಯೂಬ್ ಚಾನೆಲ್ಲಿನ ಮಟ್ಟಿಗೆ ಅದನ್ನು ರದ್ದುಗೊಳಿಸಿ, ಕೆಳಗಿನ ನ್ಯಾಯಾಲಯ ಹೊಸದಾಗಿ ಪರಿಶೀಲಿಸಲಿ ಎಂದರು. ಅದೇ ನ್ಯಾಯಮೂರ್ತಿಗಳು ಸೆಪ್ಟೆಂಬರ್ 24ರಂದು, ಜಾಲತಾಣಗಳಿಗೆ ವಿಷಯ ತೆಗೆಯುವ ಸೂಚನೆ ಕಳಿಸಲು ಬಳಸುವ ಕೇಂದ್ರದ ಸಹಯೋಗ್ ಪೋರ್ಟಲ್ ಪ್ರಶ್ನಿಸಿ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ವಜಾ ಮಾಡಿದರು. ಒಂದು ತೀರ್ಪು ಕಡಿವಾಣ ಸಡಿಲಿಸಿತು, ಇನ್ನೊಂದು ಕಡಿವಾಣದ ವ್ಯವಸ್ಥೆಯನ್ನು ಎತ್ತಿಹಿಡಿಯಿತು. ಎರಡು ವರದಿಗಳನ್ನೂ ಅಕ್ಕಪಕ್ಕ ಇಟ್ಟು ಓದಿದ ವಿದ್ಯಾರ್ಥಿಗೆ ‘ಸೆಟ್ ಅಸೈಡ್’, ‘ಡಿಸ್ಮಿಸ್’, ‘ರಿಮಾಂಡ್’ ಪದಗಳು ಮರೆಯದಂತೆ ಮನಸ್ಸಿನಲ್ಲಿ ಕೂರುತ್ತವೆ. ‘ಈ ಅರ್ಜಿದಾರರ ಮಟ್ಟಿಗೆ’ ಎಂಬ ಷರತ್ತನ್ನು ದಾಟಿ ಓದಿದರೆ ಇಡೀ ಆದೇಶವೇ ಬಿದ್ದುಹೋಯಿತೆಂದು ತಪ್ಪು ತಿಳಿಯುವ ಅಪಾಯವೂ ಅವನಿಗೆ ಅರ್ಥವಾಗುತ್ತದೆ.

ಶ್ರದ್ಧೆಯ ವಿಷಯ ತರಗತಿಗೆ ಬಂದರೆ ಜಗಳವಾದೀತು, ಮೇಷ್ಟ್ರೇ ಸಿಕ್ಕಿಬಿದ್ದಾರು ಎಂಬ ಆತಂಕ ಹುರುಳಿಲ್ಲದ್ದಲ್ಲ. ಆದರೆ ಪಾಠದಲ್ಲಿ ಕೇಳುವ ಪ್ರಶ್ನೆ ಯಾರ ಆರೋಪ ಸರಿ ಎಂಬುದಾಗಿರಬೇಕಿಲ್ಲ. ಅದು ತನಿಖೆ ಮತ್ತು ನ್ಯಾಯಾಲಯದ ಕೆಲಸ. ಆದೇಶ ಯಾರದು, ಯಾವ ಕಾನೂನಿನದು, ಯಾರಿಗೆ ಅನ್ವಯ, ಎಂದಿನವರೆಗೆ ಎಂಬಷ್ಟಕ್ಕೆ ನಿಂತರೆ ಯಾರ ಭಾವನೆಗೂ ಧಕ್ಕೆಯಿಲ್ಲ. ಅದೂ ಕಷ್ಟವೆನಿಸಿದರೆ 59 ಆ್ಯಪ್‌ಗಳಿಂದಲೋ, ಸುಪ್ರೀಂ ಕೋರ್ಟ್ 2015ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿದ ಸುದ್ದಿಯಿಂದಲೋ ಶುರುಮಾಡಬಹುದು. ಪತ್ರಿಕೆಗಳು ಪಕ್ಷಪಾತಿಗಳೆಂಬ ದೂರಿಗೂ ಪರಿಹಾರವಿದೆ: ಒಂದೇ ದಿನದ ಎರಡು ಇಂಗ್ಲಿಷ್ ವರದಿ, ಒಂದು ಕನ್ನಡ ವರದಿ ಕೊಟ್ಟರೆ ಯಾರು ಯಾವ ಕ್ರಿಯಾಪದ ಬಳಸಿದರು ಎಂದು ಹೋಲಿಸುವುದೇ ಅಭ್ಯಾಸವಾಗುತ್ತದೆ. ಇನ್ನು ಅಂಕಗಳ ಚಿಂತೆ. 2025ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಮೊದಲಾಗಿ ಬಂದ ಜಿಲ್ಲೆ ನಮ್ಮದು. ವಾರಕ್ಕೊಂದು ಪೀರಿಯಡ್ ಓದಿಗೆ ಬಿಟ್ಟುಕೊಟ್ಟರೆ ಕುಸಿದುಬೀಳುವಷ್ಟು ದುರ್ಬಲ ಶಾಲೆಗಳು ಇಲ್ಲಿಲ್ಲ.

ಆದೇಶಗಳೇ ಕನ್ನಡದಲ್ಲಿ ಬರಲಿ, ಅದಕ್ಕಾಗಿ ಇಂಗ್ಲಿಷ್ ಕಲಿಯಬೇಕೇಕೆ ಎಂಬ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಕನ್ನಡದಲ್ಲಿ ಬರಬೇಕೆಂಬುದು ನನ್ನ ಬೇಡಿಕೆಯೂ ಹೌದು. 2024ರ ಡಿಸೆಂಬರಿನಲ್ಲಿ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲೂ ತೀರ್ಪು ನೀಡಿ ದಾರಿ ತೋರಿಸಿದೆ. ಆದರೆ ಸಂವಿಧಾನದ 348ನೇ ವಿಧಿಯಂತೆ ಉನ್ನತ ನ್ಯಾಯಾಲಯಗಳ ಭಾಷೆ ಈಗಲೂ ಇಂಗ್ಲಿಷೇ. ನಿರ್ಬಂಧಕ್ಕೂ ಭಾಷೆಗೂ ಇರುವ ನಂಟು ಹಳೆಯದು: 1878ರಲ್ಲಿ ಲಾರ್ಡ್ ಲಿಟ್ಟನ್ ತಂದ ಪತ್ರಿಕಾ ಕಾಯ್ದೆ ದೇಶಭಾಷೆಯ ಪತ್ರಿಕೆಗಳ ಮೇಲಷ್ಟೇ ಎರಗಿತು, ಬಂಗಾಳದ ಅಮೃತ ಬಜಾರ್ ಪತ್ರಿಕೆ ಇಂಗ್ಲಿಷಿಗೆ ತಿರುಗಿ ಅದರಿಂದ ಪಾರಾಯಿತು. ಆಳುವವರ ಭಾಷೆ ಬಲ್ಲವರಿಗೆ ಬಚಾವಾಗುವ ದಾರಿ ಇತ್ತು. ಕನ್ನಡಕ್ಕಾಗಿ ಹೋರಾಡುವವರಿಗೂ ಇಂದು ಆ ಇಂಗ್ಲಿಷ್ ಬೇಕು. ಆದೇಶವನ್ನು ಓದಬಲ್ಲವನೇ ಅದನ್ನು ಪಕ್ಕದ ಮನೆಯವನಿಗೆ ಸರಿಯಾದ ಕನ್ನಡದಲ್ಲಿ ಹೇಳಬಲ್ಲ.

ಆದ್ದರಿಂದ ಮೂರೂ ತಾಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು ಮತ್ತು ಪಿಯು ಪ್ರಾಂಶುಪಾಲರು ವಾರಕ್ಕೊಂದು ಇಂಗ್ಲಿಷ್ ಪೀರಿಯಡನ್ನು ಇಂಥ ಸುದ್ದಿ ಓದಿಗೆ ಮೀಸಲಿಡಲಿ, ಸುದ್ದಿ ಆರಿಸಿದ ಶಿಕ್ಷಕರ ಬೆನ್ನಿಗೆ ಲಿಖಿತ ಅನುಮತಿಯೊಂದಿಗೆ ನಿಲ್ಲಲಿ. ಸಂಪಾದಕರಾದ ತಮ್ಮಲ್ಲೂ ಒಂದು ವಿನಂತಿ: ಇಂಥ ವರದಿಗಳಲ್ಲಿ ‘ಬ್ಯಾನ್’ ಎಂದು ಬರೆದು ಮುಗಿಸದೆ, ಆದೇಶ ಯಾರದು, ಯಾವ ಸೆಕ್ಷನ್, ಎಷ್ಟು ಕಾಲ, ಮೇಲ್ಮನವಿ ಎಲ್ಲಿ ಎಂಬ ನಾಲ್ಕು ಸಾಲನ್ನು ತಪ್ಪದೆ ಅಚ್ಚುಮಾಡಿ.

ಇತಿ,
ಓರ್ವ ಓದುಗ, ಬಿ.ಸಿ. ರೋಡ್, ಬಂಟ್ವಾಳ