ರೋಗದ ಸುದ್ದಿ ಮುಚ್ಚಿಡುವುದು ಬೇಡ: ಸಂಘಗಳೂ ಕೈಜೋಡಿಸಲಿ

ಪುಣೆಗೂ ಸಾಂಕ್ರಾಮಿಕ ರೋಗಗಳಿಗೂ ಹಳೆಯ ನಂಟು. 1897ರಲ್ಲಿ ಪ್ಲೇಗ್ ಪೀಡಿತರ ಸೇವೆ ಮಾಡುತ್ತಲೇ ಸಾವಿತ್ರಿಬಾಯಿ ಫುಲೆ ಪ್ರಾಣ ಬಿಟ್ಟರು. 2009ರ ಆಗಸ್ಟ್‌ನಲ್ಲಿ ಹಂದಿಜ್ವರಕ್ಕೆ ದೇಶದಲ್ಲೇ ಮೊದಲು ಬಲಿಯಾದವಳು ಈ ನಗರದ 14 ವರ್ಷದ ಬಾಲಕಿ. ಮಹಾರಾಷ್ಟ್ರದ ಮೊದಲ ಕೊರೊನಾ ಪ್ರಕರಣ 2020ರ ಮಾರ್ಚ್ 9ರಂದು ಪತ್ತೆಯಾದದ್ದೂ ಇಲ್ಲಿಯೇ. 2024ರಲ್ಲಿ ಝಿಕಾ, 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಕೈಕಾಲುಗಳ ಬಲ ಕಸಿಯುವ ಜಿಬಿಎಸ್.

ಜಿಬಿಎಸ್ ಅಪರೂಪದ ಕಾಯಿಲೆ, ಒಬ್ಬರಿಂದ ಇನ್ನೊಬ್ಬರಿಗೆ ಹರಡುವಂಥದ್ದಲ್ಲ. ಒಂದೊಂದು ಆಸ್ಪತ್ರೆಗೆ ಒಬ್ಬಿಬ್ಬರು ಬಂದರೆ ಯಾರಿಗೂ ಸಂಶಯ ಬಾರದು. ಎಲ್ಲ ಆಸ್ಪತ್ರೆಗಳ ಲೆಕ್ಕ ಒಂದೆಡೆ ಕೂಡಿದಾಗಲೇ ಒಂದೇ ಭಾಗದಲ್ಲಿ ಪ್ರಕರಣಗಳು ಏರುತ್ತಿರುವುದು ಕಾಣುತ್ತದೆ. ಇಲ್ಲಿ ಆದದ್ದೂ ಅದೇ. ಮಾದರಿಗಳು ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋದವು, ಕೆಲವರಲ್ಲಿ ಕ್ಯಾಂಪೈಲೋಬ್ಯಾಕ್ಟರ್ ರೋಗಾಣು ಸಿಕ್ಕಿತು, ಸಂಶಯ ಕುಡಿಯುವ ನೀರಿನತ್ತ ತಿರುಗಿತು. ಮುಂದೆ ಶಂಕಿತರ ಸಂಖ್ಯೆ 200 ದಾಟಿತು.

ಬ್ಯಾಂಕಿನಲ್ಲಿ ನಾವು ಪ್ರತಿ ಸಂಜೆ ನಗದು ತಾಳೆ ನೋಡುತ್ತೇವೆ. ಹತ್ತು ರೂಪಾಯಿಯ ವ್ಯತ್ಯಾಸ ಅಂದೇ ಕಂಡರೆ ಅಂದೇ ಸಿಗುತ್ತದೆ, ವಾರ ಕಳೆದರೆ ಹುಡುಕುವುದೇ ಕಷ್ಟ. ರೋಗದ ಲೆಕ್ಕವೂ ಹಾಗೆಯೇ. ಕೇಂದ್ರ ಸರಕಾರ 2004ರಲ್ಲಿ ಆರಂಭಿಸಿದ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು, ವೈದ್ಯರು, ಪ್ರಯೋಗಾಲಯಗಳು ಈ ಮೂರೂ ಕಡೆಯಿಂದ ವರದಿ ಹೋಗಬೇಕು. ಆದರೆ ವೈದ್ಯರ ಬಳಿಗೇ ಬಾರದ ರೋಗಿಯನ್ನು ಯಾರು ಲೆಕ್ಕಕ್ಕೆ ಹಿಡಿಯಬೇಕು?

ಅಂಥವರಲ್ಲಿ ನಮ್ಮವರೂ ಬಹಳ. ಕಟ್ಟಡ ಕೆಲಸಕ್ಕೆಂದು ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಬಂದು ತಗಡಿನ ಶೆಡ್‌ಗಳಲ್ಲಿ ಇರುವವರು, ಹೊಟೇಲಿನ ಮಾಳಿಗೆಯಲ್ಲಿ ಒಟ್ಟಾಗಿ ಮಲಗುವ ಹುಡುಗರು. ಜ್ವರ ಬಂದರೆ ಮೆಡಿಕಲ್‌ನಿಂದ ಎರಡು ಮಾತ್ರೆ, ಇಳಿಯದಿದ್ದರೆ ರಾತ್ರಿ ಬಸ್ಸಿಗೆ ಊರು. ಮರಾಠಿ ಬಾರದವರಿಗೆ ಪಾಲಿಕೆಯ ದವಾಖಾನೆಯಲ್ಲಿ ನೋವು ಹೇಳಿಕೊಳ್ಳುವುದೇ ಸಮಸ್ಯೆ. ಆ ಜ್ವರ ಪುಣೆಯ ಲೆಕ್ಕಕ್ಕೆ ಬರುವುದಿಲ್ಲ, ಊರಿನ ಲೆಕ್ಕಕ್ಕೆ ಬರುವಾಗ ತಡವಾಗಿರುತ್ತದೆ.

ಸುದ್ದಿ ತಲುಪಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ್ದೇ ಉದಾಹರಣೆಯಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಹಳ್ಳಿಗರಿಗೆ ಜ್ವರ ಬಂತು. ಪುಣೆಯ ಅಂದಿನ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಅಲ್ಲಿಗೆ ಹೋಗಿ ಹೊಸ ವೈರಾಣುವನ್ನು ಗುರುತಿಸಿದರು. ಅದು ಉಣುಗುಗಳಿಂದ ಹರಡುತ್ತದೆಂದು ತಿಳಿದುಬಂತು. ಅದುವೇ ಮಂಗನ ಕಾಯಿಲೆ. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತರೆ ತಿಳಿಸಿ ಎಂದು ಇಲಾಖೆ ಜನರನ್ನು ಕೇಳಿಕೊಳ್ಳುತ್ತದೆ.

ತಿಳಿಸಲು ಜನ ಹಿಂಜರಿಯುವುದೂ ಸುಳ್ಳಲ್ಲ. ಹೊಟೇಲು ಮಾಲಕರಿಗೆ ವ್ಯಾಪಾರದ ಚಿಂತೆ, ಕೂಲಿಯವರಿಗೆ ಸಂಬಳದ ಚಿಂತೆ. ಕೊರೊನಾ ಕಾಲದಲ್ಲಿ ರೋಗಿಯ ಮನೆಯವರನ್ನು ನೆರೆಹೊರೆಯವರು ನಡೆಸಿಕೊಂಡ ರೀತಿಯನ್ನು ಯಾರೂ ಮರೆತಿಲ್ಲ. 1897ರಲ್ಲಿ ಸೈನಿಕರನ್ನು ಮನೆಗಳಿಗೆ ನುಗ್ಗಿಸಿ ತಪಾಸಣೆ ಮಾಡಿಸಿದ ಅಧಿಕಾರಿ ರ‍್ಯಾಂಡ್ ಜನರ ದ್ವೇಷ ಕಟ್ಟಿಕೊಂಡು ಕೊನೆಗೆ ಚಾಪೇಕರ್ ಸಹೋದರರ ಗುಂಡಿಗೆ ಬಲಿಯಾದ. ಬಲಾತ್ಕಾರದಿಂದ ಜನ ರೋಗವನ್ನು ಇನ್ನಷ್ಟು ಮುಚ್ಚಿಡುತ್ತಾರೆ. ಆದ್ದರಿಂದ ರೋಗಿಯ ಹೆಸರು ಬಯಲಾಗದಂತೆ ನೋಡಿಕೊಳ್ಳುವುದು ಪಾಲಿಕೆಯ ಹೊಣೆ, ವಿಶ್ವಾಸ ಮೂಡಿಸುವುದು ನಮ್ಮಂಥ ಸಂಘಗಳ ಹೊಣೆ.

ಸಂಘಗಳು ಮಾಡಬಹುದಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಪ್ರತಿ ಸಂಘವೂ ತನ್ನ ವಾರ್ಡಿನ ಆರೋಗ್ಯಾಧಿಕಾರಿಯ ಸಂಪರ್ಕ ಇಟ್ಟುಕೊಳ್ಳಲಿ. ಒಂದೇ ಶೆಡ್ಡಿನಲ್ಲಿ, ಒಂದೇ ಹೊಟೇಲಿನಲ್ಲಿ ಮೂರ್ನಾಲ್ಕು ಮಂದಿಗೆ ಒಟ್ಟಿಗೆ ಜ್ವರವೋ ಭೇದಿಯೋ ಕಂಡರೆ ಅಂದೇ ತಿಳಿಸಲಿ. ಮರಾಠಿ, ಕನ್ನಡ ಎರಡೂ ಬಲ್ಲ ಯುವಕರು ಸರದಿಯಂತೆ ರೋಗಿಯ ಜತೆ ದವಾಖಾನೆಗೆ ಹೋಗಲಿ. ಹೊಟೇಲು ಬಾಂಧವರು ನೀರಿನ ಟಾಕಿ ಶುಚಿಯಾಗಿಡುವುದರ ಜತೆಗೆ ಕಾಯಿಲೆ ಬಿದ್ದ ಹುಡುಗನಿಗೆ ಸಂಬಳ ಕಡಿಯದೆ ರಜೆ ಕೊಡಲಿ. ಸಂಬಳ ಹೋಗುವುದಿಲ್ಲವೆಂದು ಗೊತ್ತಾದರೆ ಅವನೇ ಬಂದು ಹೇಳುತ್ತಾನೆ.

ವಾರ್ಷಿಕೋತ್ಸವಕ್ಕೆ, ರಾಜ್ಯೋತ್ಸವಕ್ಕೆ ಸಮಿತಿ ರಚಿಸುವ ನಾವು ಇದಕ್ಕೂ ನಾಲ್ಕು ಜನರ ಒಂದು ಸಮಿತಿ ರಚಿಸಲಾರೆವೇ? ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂಬುದು ನನ್ನ ವಿನಂತಿ.