ನಲವತ್ತೈದು ದಾಟಿದ ‘ಸೇಲ್ಸ್ ಗರ್ಲ್’

ಸೀರೆ ಅಂಗಡಿಯ ಗಲ್ಲಾದಲ್ಲಿ ಕುಳಿತ ಮಾಲೀಕರು ಗಿರಾಕಿಗೆ ಹೇಳುವ ಮಾತು ಬೆಂಗಳೂರಿನ ಚಿಕ್ಕಪೇಟೆಯಲ್ಲೂ ಹುಬ್ಬಳ್ಳಿಯ ದುರ್ಗದಬೈಲಿನಲ್ಲೂ ಹೆಚ್ಚುಕಡಿಮೆ ಒಂದೇ: ‘ಬನ್ನಿ ಮೇಡಂ, ನಮ್ಮ ಹುಡುಗಿ ತೋರಿಸ್ತಾಳೆ.’ ಆ ಹುಡುಗಿಗೆ ನಲವತ್ತೈದು ದಾಟಿರಬಹುದು, ಮಗ ಪಿಯುಸಿ ಓದುತ್ತಿರಬಹುದು. ಮದುವೆ ಜವಳಿಗೆ ಬಂದ ಕುಟುಂಬದಲ್ಲಿ ದುಡ್ಡು ಯಾರ ಕೈಯಲ್ಲಿದೆ, ಮಾತು ಯಾರದು ನಡೆಯುತ್ತದೆ ಎಂಬುದನ್ನು ಎರಡು ಸೀರೆ ಬಿಡಿಸುವಷ್ಟರಲ್ಲಿ ಅಳೆದುಬಿಡುತ್ತಾಳೆ. ಆದರೂ ಅವಳು ಸೇಲ್ಸ್ ಗರ್ಲ್. ಪಕ್ಕದ ಕೌಂಟರಿನಲ್ಲಿ ಈಗಷ್ಟೇ ಮೀಸೆ ಚಿಗುರುತ್ತಿರುವ ಪೋರ ಮಾತ್ರ ಸೇಲ್ಸ್‌ಮನ್.

ಇದೆಲ್ಲ ಕರೆಯುವ ರೂಢಿ, ಪ್ರೀತಿಯ ಮಾತು ಎನ್ನುವವರಿದ್ದಾರೆ. ಪ್ರೀತಿ ಇರಲಿ. ಆದರೆ ‘ಹುಡುಗಿ’ ಅಂದಕೂಡಲೇ ಆ ಕೆಲಸ ಮದುವೆಯಾಗುವ ತನಕದ್ದು ಎಂಬ ಲೆಕ್ಕವೂ ಶುರುವಾಗುತ್ತದೆ. ನಾಳೆ ಬಿಟ್ಟುಹೋಗುವವಳಿಗೆ ಬಡ್ತಿ ಯಾಕೆ, ಪಿಎಫ್ ಯಾಕೆ, ಕೂರಲು ಒಂದು ಸ್ಟೂಲಾದರೂ ಯಾಕೆ?

ಸ್ಟೂಲಿನ ಮಾತು ಉತ್ಪ್ರೇಕ್ಷೆಯಲ್ಲ. ಅಂಗಡಿ ಕೆಲಸದ ಪ್ರತಿ ಮೂವರು ಹೆಂಗಸರಿಗೆ ಕನಿಷ್ಠ ಒಂದು ಆಸನ ಇರಬೇಕೆಂದು ಬ್ರಿಟನ್ನಿನ ಸಂಸತ್ತು 1899ರಲ್ಲೇ ಕಾಯ್ದೆ ಮಾಡಿತ್ತು. ನಮ್ಮ ನೆರೆಯ ಕೇರಳದಲ್ಲಿ ಕೂರುವ ಹಕ್ಕು ಕಾನೂನಿಗೆ ಬಂದದ್ದು 2018ರಲ್ಲಿ, ಅದೂ ತಾನಾಗಿ ಬರಲಿಲ್ಲ. ಕೋಯಿಕ್ಕೋಡಿನ ಮಿಠಾಯಿ ತೆರುವಿನ ಅಂಗಡಿಗಳಲ್ಲಿ ಹೆಂಗಸರು ಗಿರಾಕಿ ಇಲ್ಲದಾಗಲೂ ನಿಂತೇ ಇರಬೇಕಿತ್ತು. ಶೌಚಾಲಯವಿಲ್ಲದ ಕಾರಣ ನೀರು ಕುಡಿಯುವುದಕ್ಕೇ ಹೆದರುತ್ತಿದ್ದರು. ಅದೇ ಬೀದಿಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದ ಪಿ. ವಿಜಿ ‘ಪೆಣ್‌ಕೂಟ್ಟ್’ ಎಂಬ ಗುಂಪು ಕಟ್ಟಿದರು. ಶೌಚಾಲಯದ ಬೇಡಿಕೆಯಿಂದ ಹೊರಟ ಹೋರಾಟ ಕುರ್ಚಿಯವರೆಗೆ ಬಂತು. ಮುಂದೆ ಅವರು ಕಟ್ಟಿದ ಒಕ್ಕೂಟದ ಹೆಸರಿನಲ್ಲಿ ಇದ್ದದ್ದು ‘ತೊಳಿಲಾಳಿ’, ಅಂದರೆ ಕಾರ್ಮಿಕರು. ‘ಗರ್ಲ್’ ಅಲ್ಲಿ ಸುಳಿಯಲಿಲ್ಲ. 2021ರಲ್ಲಿ ತಮಿಳುನಾಡೂ ಕೂರುವ ಹಕ್ಕಿಗೆ ಕಾನೂನು ತಂದಿತು.

ಪೇಟೆಯ ಅಂಗಡಿ ಬಿಟ್ಟು ಹಳ್ಳಿಗೆ ಬಂದರೆ ಹುಡುಗಿ ಅಮ್ಮನಾಗುತ್ತಾಳೆ. ಈ ಶತಮಾನದ ಆರಂಭದಲ್ಲಿ ಹಿಂದುಸ್ತಾನ್ ಲಿವರ್ ಆಗಿನ ಆಂಧ್ರದ ನಲ್ಗೊಂಡದಲ್ಲಿ ಹೆಂಗಸರ ಕೈಲಿ ಸೋಪು, ಶಾಂಪೂ ಮಾರಿಸಲು ಶುರುಮಾಡಿ, ಅವರನ್ನು ‘ಶಕ್ತಿ ಅಮ್ಮ’ ಎಂದು ಕರೆಯಿತು. ಆಮೇಲೆ ಅವರ ಮನೆಯ ಗಂಡಸರಿಗೆ ಸೈಕಲ್ ಕೊಟ್ಟು ಸುತ್ತಲ ಊರುಗಳಿಗೆ ಕಳಿಸಿದಾಗ ಅವರಿಗಿಟ್ಟ ಹೆಸರು ‘ಶಕ್ತಿಮಾನ್’. ಹೆಂಡತಿ ಅಮ್ಮ, ಗಂಡ ಟಿವಿಯ ಮಹಾಶೂರ! ಹೆಸರಿಟ್ಟವರಿಗೆ ನಗು ಬಂದಿತ್ತೋ ಇಲ್ಲವೋ.

ಸರ್ಕಾರಕ್ಕೆ ಪ್ರಿಯವಾದದ್ದು ‘ಸಖಿ’. ಬ್ಯಾಂಕ್ ಸಖಿ, ಕೃಷಿ ಸಖಿ, ಪಶು ಸಖಿ ಆದಮೇಲೆ 2024ರ ಡಿಸೆಂಬರಿನಲ್ಲಿ ಎಲ್‌ಐಸಿಯ ‘ಬಿಮಾ ಸಖಿ’ ಬಂದಳು. ಹತ್ತನೇ ತರಗತಿ ಪಾಸಾದ ಹೆಂಗಸರಿಗೆ ತರಬೇತಿ, ಮೊದಲ ವರ್ಷ ತಿಂಗಳಿಗೆ 7,000 ರೂಪಾಯಿ ಭತ್ಯೆ, ಮೇಲೆ ಕಮಿಷನ್. ಯೋಜನೆ ಕೆಟ್ಟದ್ದೆಂದು ಹೇಳುವಂತಿಲ್ಲ. ಸ್ವಂತ ದುಡಿಮೆ ಹುಡುಕುವವರಿಗೆ ಅದು ದಾರಿಯೇ. ಎಲ್‌ಐಸಿ ಏಜೆಂಟರಾರೂ ಸಂಬಳದ ನೌಕರರಲ್ಲ, ಸಖಿಯರೂ ಅಲ್ಲ. ಆದರೆ ಪಾಲಿಸಿ ಮಾರುವ ಗಂಡಸನ್ನು ಊರಿಗೆ ಊರೇ ‘ಏಜೆಂಟ್ರು’ ಎಂದು ಬಹುವಚನದಲ್ಲಿ ಕರೆಯುತ್ತದೆ. ಅದೇ ಕೆಲಸ ಮಾಡುವ ಹೆಂಗಸು ಗೆಳತಿಯಾಗಬೇಕು ಯಾಕೆ? ಗೆಳತಿ ಕಮಿಷನ್ ಮಾತು ಎತ್ತಿದರೆ ಕೇಳುವವರಿಗೆ ಇರುಸುಮುರುಸು.

ಹಾಗೆಂದು ಕನ್ನಡದ ಸಂತೆಗೆ ವ್ಯಾಪಾರದ ಹೆಂಗಸು ಹೊಸಬಳಲ್ಲ. ಹೂವಾಡಗಿತ್ತಿ ಇದ್ದಳು; ಕರಾವಳಿಯಲ್ಲಿ ಬುಟ್ಟಿ ಹೊತ್ತು ಬರುವ ಮೀನುಗಾರ್ತಿಯೊಡನೆ ಚೌಕಾಸಿ ಮಾಡಿ ಗೆದ್ದವರು ಕಡಿಮೆ. ಅವರನ್ನು ಕಸುಬಿನಿಂದಲೇ ಗುರುತಿಸಿದರು, ಏಕೆಂದರೆ ಬುಟ್ಟಿ ಅವರದೇ, ಲಾಭವೂ ಅವರದೇ. ಇನ್ನೊಬ್ಬರ ಅಂಗಡಿಯಲ್ಲಿ ದುಡಿಯತೊಡಗಿದ ಮೇಲೆ ಹೆಂಗಸು ಹುಡುಗಿಯಾದಳು.

ಇದಕ್ಕೆ ಹೊಸ ಸಂಸ್ಕೃತ ಪದ ಟಂಕಿಸುವ ಗೋಜು ಬೇಡ. ಗಿರಾಕಿಗಳು ‘ಅಕ್ಕಾ’ ಅನ್ನುವುದೂ ತಪ್ಪಲ್ಲ. ಮಾಲೀಕರು ‘ನಮ್ಮ ಸೇಲ್ಸ್‌ನವರು’ ಅಂದರೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಕಾಗದ. ಕೆಲಸಕ್ಕೆ ಸೇರಿದವರಿಗೆ ನೇಮಕಾತಿ ಪತ್ರ ಕೊಡಬೇಕೆಂದು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದೆ. ದೀಪಾವಳಿ ವ್ಯಾಪಾರ ಶುರುವಾಗುವ ಮೊದಲು ಕಾರ್ಮಿಕ ನಿರೀಕ್ಷಕರು ಜವಳಿ ಅಂಗಡಿಗಳಿಗೆ ಹೋಗಿ ಆ ಪತ್ರಗಳನ್ನು ಕೇಳಲಿ. ಪತ್ರ ಇದೆಯೇ, ಅದರಲ್ಲಿ ಹುದ್ದೆ ಏನೆಂದು ಬರೆದಿದೆ, ಸಂಬಳ ಪಕ್ಕದ ಕೌಂಟರಿನ ಹುಡುಗನಷ್ಟೇ ಇದೆಯೇ ಎಂಬುದನ್ನೂ ನೋಡಿಕೊಂಡು ಬರಲಿ.